ಕಿವಿ ಹರಿದ ತೋಳ

ಫೋನು ಬಂದಾಗ ನಾನು ಆಳಂದದ ಪಶು ಆಸ್ಪತ್ರೆಯ ಅಂಗಳದಲ್ಲಿ ಒಂದು ಎಮ್ಮೆಯ ಬಾಯಿ ತೆರೆಸಿ ನೋಡುತ್ತಿದ್ದೆ. ಮಾತಾಡಿದವನು ಆ ಭಾಗದ ಫಾರೆಸ್ಟ್ ಗಾರ್ಡ್. ಸರಸಂಬಾ ದಾಟಿ ಹೋಗುವ ದಾರಿಯಲ್ಲಿರುವ ಒಂದು ಊರಿನ ಹೆಸರು ಹೇಳಿದ.

"ಮೇಡಮ್ಮೋರ, ತ್ವಾಳ ಕಚ್ಚ್ಯದ್ರಿ. ಇಬ್ಬರಿಗೆ. ಒಂದು ಹೋರಿಗರಕ್ಕೂ ಕಚ್ಚ್ಯದ. ಜಲ್ದಿ ಬರ್ರಿ."

"ಕುರಿ ಹಿಡಿಯಾಕ ಬಂದಿತ್ತೇನು?"

"ಇಲ್ರಿ. ಅಲ್ಲಿ ಕುರಿನೇ ಇದ್ದಿಲ್ಲ. ಕಡ್ಲಿ ಕೀಳೋ ಹೆಣ್ಮಗಳ ಮ್ಯಾಲ ನೆಟ್ಟಗ ಬಂದು ಬಿದ್ದದ. ಕೋಲು ತಗೊಂಡು ಹೊಡದ್ರೂ ಓಡಿ ಹೋಗಿಲ್ಲಂತ."

ಆ ಕೊನೆಯ ಮಾತು ಕೇಳಿ ಎಮ್ಮೆಯನ್ನು ಬಿಟ್ಟು ಎದ್ದೆ. ನಮ್ಮ ಬಯಲು ಸೀಮೆಯ ತೋಳ ಮನುಷ್ಯನನ್ನು ಕಂಡರೆ ಒಡ್ಡಿನ ಮರೆಗೆ ಸರಿದು ಹೋಗುವ ಪ್ರಾಣಿ. ನಾನು ಜೇವರ್ಗಿ ಕಡೆಯವಳು. ಚಿಕ್ಕಂದಿನಿಂದ ತೋಳದ ಬೆನ್ನನ್ನೇ ನೋಡಿದ್ದೇನೆ, ಮುಖ ನೋಡಿದ್ದು ಕಡಿಮೆ. ಏಟು ತಿಂದರೂ ನಿಂತು ಕಚ್ಚಿತು ಅಂದರೆ ಅದಕ್ಕೆ ಹಸಿವಾಗಿರಲಿಲ್ಲ, ಹುಚ್ಚು ಹಿಡಿದಿತ್ತು. ನಾಯಿಗೆ ಬರುವ ಅದೇ ಹುಚ್ಚು, ಅದೇ ರೇಬೀಸ್. ಮನುಷ್ಯರಿಗೆ ಒಮ್ಮೆ ಅದರ ಲಕ್ಷಣ ಶುರುವಾಯಿತೆಂದರೆ ಯಾವ ಔಷಧವೂ ಕೆಲಸಕ್ಕೆ ಬರುವುದಿಲ್ಲ.

ಎಳ್ಳ ಅಮವಾಸ್ಯೆ ಕಳೆದು ಕೆಲವು ವಾರಗಳಾಗಿದ್ದವು. ಕಡಲೆ ಕೀಳುವ ಕಾಲ. ಬಿಸಿಲೇರಿದರೆ ಕಾಯಿ ಸಿಡಿಯುತ್ತವೆಂದು ಹೆಂಗಸರು ಇಬ್ಬನಿ ಇರುವಾಗಲೇ ಹೊಲಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕೀಳುತ್ತಾರೆ. ಹಾಗೆ ಕೂತವಳ ಮುಖ ತೋಳದ ಬಾಯಿಯ ಎತ್ತರಕ್ಕೇ ಇರುತ್ತದೆ.

ನಾನು ಹೋಗುವಷ್ಟರಲ್ಲಿ ಆ ಹೆಣ್ಣುಮಗಳನ್ನು ಬದುವಿನ ಬೇವಿನ ಗಿಡದ ಕೆಳಗೆ ಕೂಡಿಸಿದ್ದರು. ಎಡಗೆನ್ನೆ ಸೀಳಿತ್ತು. ಎಡ ಅಂಗೈಯಲ್ಲಿ ಎರಡು ಆಳವಾದ ತೂತು. ಗಾಯದ ತುಂಬ ಯಾರೋ ಖಾರದ ಪುಡಿ ಒತ್ತಿದ್ದರು. ಅವಳನ್ನು ಬಿಡಿಸಲು ಹೋದ ಮೈದುನ ಮೀನಖಂಡಕ್ಕೆ ಟವೆಲ್ ಸುತ್ತಿಕೊಂಡು ನಿಂತಿದ್ದ.

"ಸಾಬೂನು ತರ್ರಿ. ಮೋಟರ್ ಚಾಲೂ ಮಾಡ್ರಿ" ಎಂದೆ.

"ಕರೆಂಟ್ ಇಲ್ರಿ."

ಕೊಡದಲ್ಲಿ ನೀರು ತರಿಸಿದೆವು. ಅವಳ ಜೊತೆ ಕೀಳುತ್ತಿದ್ದ ಹೆಂಗಸರು ಸಾಲಾಗಿ ನಿಂತು ಒಂದಾದ ಮೇಲೊಂದು ಕೊಡ ಬಗ್ಗಿಸಿದರು. ಹದಿನೈದು ನಿಮಿಷ ಬಿಡದೆ ತೊಳೆಯಬೇಕು, ಅದಕ್ಕೆ ಒಂದು ನಿಮಿಷವೂ ಕಡಿಮೆಯಾಗಕೂಡದು. ಫೋನಿನಲ್ಲಿ ಹೊತ್ತು ನೋಡುತ್ತ ನಾನು ಸಾಬೂನು ಉಜ್ಜಿದೆ. ಖಾರ ಕರಗಿ ಹಸಿ ಮಾಂಸಕ್ಕೆ ಇಳಿದಾಗ ಅವಳು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಕೂಗಲಿಲ್ಲ.

"ಅಕ್ಕೋರ, ನಾ ಬದುಕ್ತೇನಿ ಇಲ್ರಿ?"

"ಈಗಿಂದೀಗ ಕಲಬುರಗಿಗೆ ಹೋಗಿ ಸೂಜಿ ಮಾಡಿಸ್ಕೊಂಡ್ರ ಬದುಕ್ತಿ, ತಂಗಿ. ಒಂದೂ ತಪ್ಪಿಸಬಾರದು."

ನಾನು ದನದ ಡಾಕ್ಟರು. ನನ್ನ ಐಸ್ ಪೆಟ್ಟಿಗೆಯಲ್ಲಿದ್ದ ಲಸಿಕೆ ಹೋರಿಗರಕ್ಕೆ, ಆ ಗಂಡು ಕರುವಿಗೆ, ಹಾಕುವಂಥದ್ದು, ಅವಳಿಗಲ್ಲ. ಗಾಯ ಮುಖದ ಮೇಲಿದ್ದರೆ ವಿಷ ಮಿದುಳಿಗೆ ಹೋಗುವ ದಾರಿ ಹತ್ತಿರ. ಲಸಿಕೆಯೊಂದೇ ಸಾಲದು, ಗಾಯದ ಸುತ್ತ ವಿಷವನ್ನು ಅಲ್ಲೇ ತಡೆಯುವ ಸೀರಮ್ ಕೂಡ ಚುಚ್ಚಬೇಕು. ಮೈದುನನ ಕಾಲನ್ನೂ ಹಾಗೇ ತೊಳೆಸಿದೆ. ಒಂದು ಜೀಪು ಸಿಕ್ಕಿತು. ಮೈದುನ ಮಾತ್ರ ಹತ್ತಲಿಲ್ಲ.

"ನನಗೇನಾಗಿಲ್ರಿ. ಮೊದ್ಲ ಆ ತ್ವಾಳದ ಗವಿ ಮುಚ್ಚಿ ಬರ್ತೇನಿ."

"ಹತ್ತು" ಎಂದಳು ಅತ್ತಿಗೆ, ಕೆನ್ನೆಗೆ ಬಟ್ಟೆ ಒತ್ತಿಕೊಂಡೇ. ಅವನು ಹತ್ತಿದ.

ಹೋರಿಗರಕ್ಕೆ ಕಚ್ಚಿದ್ದು ಮೂತಿಯ ಮೇಲೆ. ಅದನ್ನೂ ತೊಳೆದು ಮೊದಲ ಲಸಿಕೆ ಹಾಕಿದೆ. ಬೇರೆ ದನಗಳಿಂದ ದೂರ, ಒಂಟಿಯಾಗಿ ಕಟ್ಟಲು ಹೇಳಿದೆ.

ಮೈದುನ ಹೇಳಿದ ಗವಿ ನನಗೂ ಗಾರ್ಡಿಗೂ ಗೊತ್ತಿದ್ದದ್ದೇ. ಕಡಲೆ ಹೊಲದಿಂದ ಕೂಗಳತೆಯಲ್ಲಿ, ಹಳ್ಳದ ದಂಡೆಯ ಜಾಲಿ ಬೇರುಗಳ ಕೆಳಗೆ ಒಂದು ತೋಳದ ಜೋಡಿ ಮರಿ ಹಾಕಿತ್ತು. ಅವುಗಳ ಓಡಾಟ ನೋಡಲು ಗಾರ್ಡ್ ಹತ್ತಿರದ ಗಿಡಕ್ಕೆ ಒಂದು ಕ್ಯಾಮೆರಾ ಕಟ್ಟಿದ್ದ. ಊರವರಿಗೂ ಗವಿಯ ವಿಷಯ ಗೊತ್ತಿತ್ತು. ಅಲ್ಲಿಯವರೆಗೆ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಈಗ ಎಲ್ಲರ ಬಾಯಲ್ಲೂ ಅದೇ ಮಾತು: ಜೆಸಿಬಿ ತಂದು ಗವಿ ಮುಚ್ಚಬೇಕು.

ಮರುದಿನ ಮಧ್ಯಾಹ್ನ ಕಚ್ಚಿದ ತೋಳ ಸಿಕ್ಕಿತು. ಹಳ್ಳದ ಇನ್ನೊಂದು ದಂಡೆಗೆ ಸತ್ತು ಬಿದ್ದಿತ್ತು. ಮೊದಲು ನೋಡಿದವನು ಅಲ್ಲಿ ಕುರಿ ಮೇಯಿಸುವ ಹಿರಿಯ ಕುರಿಗಾರ. ನಾನು ಹೋದಾಗ ಅರ್ಧ ಊರು ಅಲ್ಲಿ ನೆರೆದಿತ್ತು. ಗಂಡು ತೋಳ, ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲಾಗಿತ್ತು. ಬಾಯಿ ತುಂಬ ಮಣ್ಣು, ಕಟ್ಟಿಗೆಯ ಚೂರು, ಸಿಕ್ಕಸಿಕ್ಕದ್ದನ್ನು ಕಚ್ಚಿತ್ತು. ಎಡಗಿವಿಯ ತುದಿ ಯಾವುದೋ ಹಳೆಯ ಜಗಳದಲ್ಲಿ ಹರಿದು ಎರಡು ಸೀಳಾಗಿತ್ತು.

"ಇದು ಆ ಗವೀದ ಹೌದಲ್ಲೋ?" ಎಂದು ಯಾರೋ ಕೇಳಿದರು. ಎಲ್ಲರೂ ಕುರಿಗಾರನ ಕಡೆ ತಿರುಗಿದರು. ಆ ತೋಳಗಳನ್ನು ದಿನಾ ನೋಡುವವನು ಅವನೊಬ್ಬನೇ. ಅವನು ಕಂಬಳಿ ಸರಿಪಡಿಸಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದ.

"ಅಲ್ಲ. ಇದು ನಮ್ಮ ಕಡೀದಲ್ಲ. ಮಣ್ಣೂರ ಹೊಳಿ ಕಡಿಂದ ತಪ್ಪಿಸ್ಕೊಂಡು ಬಂದದ್ದು ಇರಬೇಕು."

ನಾನು ಆ ಮಾತನ್ನು ಎತ್ತಿ ಹಿಡಿದೆ. ಕಚ್ಚಿದ ತೋಳ ಹೊರಗಿನದು, ಸತ್ತಿದೆ, ಗವಿಯಲ್ಲಿರುವವು ಬೇರೆ, ಅವುಗಳಿಂದ ಭಯವಿಲ್ಲ ಎಂದು ಊರಿಗೆಲ್ಲ ಕೇಳುವಂತೆ ಹೇಳಿದೆ. ಕ್ಯಾಮೆರಾ ಅಲ್ಲೇ ಇತ್ತು. ಅದರ ಕಾರ್ಡು ತೆಗೆಸಿ ನೋಡಿ ಆಮೇಲೆ ಮಾತಾಡಬಹುದಿತ್ತು. ನೋಡಲಿಲ್ಲ. ಅವನು ಹೇಳಿದ್ದು ನಿಜವಾಗಿರಲಿ ಎಂದು ನನಗೆ ಬೇಕಿತ್ತು, ಅಷ್ಟೇ.

ಜನ ಚದುರಿದ ಮೇಲೆ ತಲೆ ಕತ್ತರಿಸುವ ಕೆಲಸ. ಹುಚ್ಚು ಖಚಿತವಾಗಬೇಕಾದರೆ ಮಿದುಳು ಪ್ರಯೋಗಾಲಯಕ್ಕೆ ಹೋಗಬೇಕು, ಅದೂ ಕೊಳೆಯದಂತೆ. ನಾನು ಮೊದಲೇ ಲಸಿಕೆ ಹಾಕಿಸಿಕೊಂಡವಳು. ಆದರೂ ಎರಡು ಜೊತೆ ಕೈಗವಸು, ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ. ತಲೆಬುರುಡೆಗೆ ಗರಗಸ ಹಾಕುವಂತಿಲ್ಲ, ಪುಡಿ ಹಾರುತ್ತದೆ. ಕುತ್ತಿಗೆಯ ಕೀಲು ಹುಡುಕಿ ಚಾಕುವಿನಲ್ಲೇ ಬಿಡಿಸಿದೆ. ಮೂರು ಸುತ್ತು ಪ್ಲಾಸ್ಟಿಕ್, ಥರ್ಮೊಕೋಲ್ ಡಬ್ಬಿ, ಆಳಂದದ ಮೀನಿನ ಅಂಗಡಿಯಿಂದ ತಂದ ಬರ್ಫು. ಉಳಿದ ದೇಹವನ್ನು ಕಟ್ಟಿಗೆ ಹಾಕಿ ಸುಟ್ಟೆವು. ಡಬ್ಬಿಯೊಳಗೆ ಏನಿದೆ ಎಂದು ತಿಳಿದ ಮೇಲೆ ಜೀಪಿನ ಡ್ರೈವರ್ ಅದನ್ನು ಮುಟ್ಟಲಿಲ್ಲ. ಗಾರ್ಡ್ ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನವರೆಗೂ ಹೋದ.

ಎರಡು ದಿನದ ನಂತರ ವರದಿ ಬಂತು. ರೇಬೀಸ್ ಹೌದು.

ಬೆಂಗಳೂರಿಂದ ಮರಳಿದ ಮೇಲೆ ಗಾರ್ಡ್ ಕ್ಯಾಮೆರಾದ ಕಾರ್ಡು ತಂದ. ನಾಲ್ಕನೆಯ ಚಿತ್ರಕ್ಕೇ ಗಾರ್ಡ್ ಬೆರಳು ನಿಲ್ಲಿಸಿದ. ಗವಿಯ ಬಾಯಿಗೆ ಒಂದು ಗಂಡು ತೋಳ ನಿಂತು ತಿಂದ ಮಾಂಸವನ್ನು ಮರಿಗಳಿಗಾಗಿ ಕಾರಿಕೊಳ್ಳುತ್ತಿತ್ತು. ಮೂರು ಮರಿ ಅದರ ಬಾಯಿ ನೆಕ್ಕುತ್ತಿದ್ದವು. ಎಡಗಿವಿಯ ತುದಿ ಎರಡು ಸೀಳಾಗಿತ್ತು. ಚಿತ್ರದ ತಾರೀಖು ಅದು ಕಚ್ಚುವುದಕ್ಕೆ ಕೆಲವೇ ದಿನ ಹಿಂದಿನದು.

ಅದು ಹೊರಗಿನ ತೋಳವಾಗಿರಲಿಲ್ಲ. ಆ ಮರಿಗಳ ಅಪ್ಪ. ಲಕ್ಷಣ ಕಾಣುವ ಮೊದಲೇ ಕೆಲವು ದಿನ ಜೊಲ್ಲಿನಲ್ಲಿ ವಿಷ ಇರಬಹುದು. ಮರಿಗಳು ಆ ಜೊಲ್ಲನ್ನೇ ನೆಕ್ಕಿದ್ದವು. ತಾಯಿ ತೋಳ, ಅವುಗಳ ಜೊತೆಗಿದ್ದ ಹಿಂದಿನ ವರ್ಷದ ಒಂದು ಎಳೆಯ ತೋಳ, ಯಾವುದಕ್ಕೆ ತಗಲಿದೆ, ಯಾವುದಕ್ಕೆ ಇಲ್ಲ? ಹೊರಗಿನಿಂದ ನೋಡಿ ಹೇಳುವ ದಾರಿಯಿಲ್ಲ. ಹಿಡಿದು ಲಸಿಕೆ ಹಾಕುವ ಅನುಕೂಲವೂ ನಮಗಿರಲಿಲ್ಲ. ಅತ್ತ ಹೆಂಗಸರು ನನ್ನ ಮಾತು ನಂಬಿ ಮತ್ತೆ ಅದೇ ಹೊಲಕ್ಕೆ ಇಳಿದಿದ್ದರು.

ಗಾರ್ಡ್ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದ. "ಮೇಡಮ್ಮೋರ, ಈ ಕಾರ್ಡು ನಾ ನೋಡಿಲ್ಲ, ನೀವೂ ನೋಡಿಲ್ಲ. ಸತ್ತದ್ದು ಸತ್ತು ಹೋತು. ಈಗ ಹೇಳಿದ್ರ ನಾಳಿ ಮುಂಜಾನಿ ಜೆಸಿಬಿ ಬರ್ತದ್ರಿ."

ಕೆಟ್ಟ ಮನುಷ್ಯನಲ್ಲ ಅವನು. ತನ್ನ ಗಸ್ತಿನಲ್ಲಿ ಉಳಿದಿದ್ದ ಒಂದೇ ಗವಿಯನ್ನು ಬಿಸಿಲು ಗಾಳಿ ಎನ್ನದೆ ಕಾದವನು. ಅವನ ಕೈಯಿಂದ ಕಾರ್ಡು ಇಸಿದುಕೊಂಡು ನಾನು ಸ್ಕೂಟರ್ ಹತ್ತಿ ಕುರಿಗಾರನ ಹತ್ತಿರ ಹೋದೆ.

ಅವನು ಕುರಿಗಳನ್ನು ಕೊಯ್ದ ತೊಗರಿಯ ಹೊಲದಲ್ಲಿ ಬಿಟ್ಟು ನಿಂತಿದ್ದ.

"ಕಾಕಾ, ಕಿವಿ ಹರದಿದ್ದು ಯಾವ ತ್ವಾಳ ಅಂತ ನಿಮಗ ಗೊತ್ತಿತ್ತಲ್ಲ?"

ಅವನು ಅಡ್ಡ ಮಾತಾಡಲಿಲ್ಲ. "ಗೊತ್ತಿತ್ತು, ಡಾಕ್ಟರವ್ವ. ನೋಡಿದ ಕೂಡ್ಲೇ ಗೊತ್ತಾತು."

"ಮತ್ತ ಸುಳ್ಳು ಯಾಕ ಹೇಳಿದ್ರಿ?"

"ಖರೆ ಹೇಳಿದ್ರ ಅವತ್ತೇ ಗವಿ ಮುಚ್ಚ್ತಿದ್ರು. ನೋಡು, ಈ ತ್ವಾಳ ನನ್ನ ನಾಯಿ ಗುರ್ತು ಹಿಡದಾವ, ನನ್ನ ಕೂಗು ಗುರ್ತು ಹಿಡದಾವ. ವರ್ಷಕ್ಕ ಒಂದೋ ಎರಡೋ ಕುರಿ ಒಯ್ತಾವ. ಅದು ಅವುಗಳ ಪಾಲು ಅಂತ ಬಿಟ್ಟೀನಿ. ಇವು ಹೋದ್ರ ಜಾಗಾ ಖಾಲಿ ಇರ್ತದೇನು? ಬ್ಯಾರೆವು ಬರ್ತಾವ. ಅವು ನನ್ನ ನಾಯಿಗಿ ಅಂಜಂಗಿಲ್ಲ. ಮತ್ತ ಮೊದ್ಲಿಂದ ಸುರು."

"ಇದರಾಗ ಇನ್ನೊಂದಕ್ಕ ಹುಚ್ಚು ಬಂದು ಆ ಹೆಣ್ಮಕ್ಕಳಿಗೆ ಕಚ್ಚಿದ್ರ?"

ಅವನು ಕುರಿಗಳ ಕಡೆ ನೋಡಿದ. "ಅಷ್ಟು ವಿಚಾರ ಮಾಡಿದ್ದಿಲ್ಲವ್ವ."

ನಾನೂ ಮಾಡಿರಲಿಲ್ಲ. ಹಳ್ಳದ ಪಕ್ಕ ಸ್ಕೂಟರ್ ನಿಲ್ಲಿಸಿ ಕೂತೆ. ಗವಿ ಮುಚ್ಚಿದರೆ ಏನಾಗುತ್ತದೆ ಎಂದು ಒಂದೊಂದಾಗಿ ಯೋಚಿಸಿದೆ. ಹಗಲು ಹೊತ್ತಿನಲ್ಲಿ ದೊಡ್ಡ ತೋಳಗಳು ಗವಿಯೊಳಗೆ ಇರುವುದಿಲ್ಲ. ಸಾಯುವುದು ಮರಿಗಳು ಮಾತ್ರ. ರೋಗ ತಗಲಿರಬಹುದಾದ ಎರಡು ದೊಡ್ಡವು ದಿಕ್ಕು ತಪ್ಪಿ ಯಾವ ಊರಿಗೆ ಹೋಗುತ್ತವೋ ಯಾರಿಗೂ ಗೊತ್ತಾಗುವುದಿಲ್ಲ. ಮರಿ ಇದ್ದರೆ ಅವು ಇಲ್ಲೇ ಇರುತ್ತವೆ, ದಿನಾ ನಮ್ಮ ಕಣ್ಣಿಗೆ ಬೀಳುತ್ತವೆ. ನಡಿಗೆ ತಪ್ಪಿದ ದಿನವೇ ತಿಳಿಯುತ್ತದೆ. ಗವಿ ಉಳಿಸುವುದಕ್ಕೆ ಇದು ಗಟ್ಟಿಯಾದ ಕಾರಣ. ಆದರೆ ಈ ಕಾರಣ ಹೇಳಬೇಕಾದರೆ ಮೊದಲು ನಿಜ ಹೇಳಬೇಕು. ಜನ ಎಚ್ಚರವಾಗಿದ್ದರೆ ಮಾತ್ರ ಈ ಕಾವಲು ನಡೆಯುತ್ತದೆ. ಭಯವಿಲ್ಲ ಎಂದು ನಂಬಿಸಿದ ಜನ ಯಾಕೆ ಎಚ್ಚರವಾಗಿರುತ್ತಾರೆ?

ಹೇಳುವುದು ಎಂದು ಗಟ್ಟಿಯಾದ ಮೇಲೂ ಬಹಳ ಹೊತ್ತು ಎದ್ದೇಳಲಾಗಲಿಲ್ಲ. ಜೆಸಿಬಿ ನಿಜವಾಗಿಯೂ ಬರಬಹುದಿತ್ತು.

ಮೊದಲು ಹೋದದ್ದು ಕಚ್ಚಿಸಿಕೊಂಡವಳ ಮನೆಗೆ. ಕೆನ್ನೆಗೆ ಹೊಲಿಗೆ ಬಿದ್ದಿದ್ದವು. ಎಡಗೈ ಬಳಸಲಾಗದೆ ಬಲಗೈಯೊಂದರಲ್ಲೇ ರೊಟ್ಟಿ ಹಿಟ್ಟು ನಾದುತ್ತಿದ್ದಳು. ನಾನು ಹೇಳುವುದನ್ನೆಲ್ಲ ಹಿಟ್ಟಿನಿಂದ ಕೈ ತೆಗೆಯದೆ ಕೇಳಿದಳು.

"ಅಕ್ಕೋರ, ಅವತ್ತ ಅಂಜಿಕಿಲ್ಲಂದ್ರಿ. ಇವತ್ತ ಅಂಜಿಕಿ ಅದ ಅನ್ನಾಕತ್ತೀರಿ. ನಾ ಯಾವುದು ನಂಬಬೇಕ್ರಿ?"

"ಅವತ್ತ ನಾ ನೋಡದ ಹೇಳಿದೆ, ತಂಗಿ. ತಪ್ಪು ನಂದು. ಇವತ್ತ ನೋಡಿ ಹೇಳಾಕತ್ತೇನಿ."

"ನನ್ನ ಗೆಳತ್ಯಾರು ಎರಡು ದಿನ ಆತು ಅದ ಹೊಲದಾಗ ಕುಂತಾರ" ಎಂದಳು. ಚಹಾ ಕುಡಿ ಅನ್ನಲಿಲ್ಲ. ಹೊರಡುವಾಗ ಮಾತ್ರ ಹಿಂದಿನಿಂದ, "ಸಂಜಿಕ ಹನುಮಂತದೇವರ ಕಟ್ಟೀಗಿ ನಾನೂ ಬರ್ತೇನಿ" ಎಂದಳು.

ಆ ಸಂಜೆ ಹನುಮಂತದೇವರ ಕಟ್ಟೆಗೆ ಜನ ಸೇರಿದರು. ಕಾರ್ಡಿನ ಚಿತ್ರವನ್ನು ಫೋನಿಗೆ ಹಾಕಿಕೊಂಡು ಹೋಗಿದ್ದೆ. ಅದು ಕೈಯಿಂದ ಕೈಗೆ ಹೋಯಿತು. ಗಾರ್ಡ್ ನನ್ನ ಪಕ್ಕ ಬಂದು ನಿಂತ. ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದೆ. ನನ್ನ ಮಾತು ಮುಗಿಯುವ ಮೊದಲೇ ಮೈದುನ ಎದ್ದ. "ನೀವು ಸರ್ಕಾರದವರು ತ್ವಾಳ ಕಾಯೋರು. ನಮ್ಮನ್ನ ಕಾಯೋರು ಯಾರ್ರಿ? ನಾಳಿ ಮುಂಜಾನಿ ಗವಿ ಮುಚ್ಚೋದೇ."

ಹೌದು ಹೌದು ಎಂದು ದನಿಗಳೆದ್ದವು. ಗವಿ ಮುಚ್ಚಿದರೆ ದೊಡ್ಡ ತೋಳಗಳು ಎಲ್ಲಿ ಹೋಗುತ್ತವೆ ಎಂದು ನಾನು ಬಿಡಿಸಿ ಹೇಳುವಾಗ ಕೆಲವರು ಕೇಳಿದರು, ಹಲವರು ಕೇಳಲಿಲ್ಲ. ಆಗ ಹಿಂದೆ ಕೂತಿದ್ದ ಕುರಿಗಾರ ಎದ್ದು ಮುಂದೆ ಬಂದ.

"ಡಾಕ್ಟರವ್ವಗ ಸುಳ್ಳು ಹೇಳಿದವ ನಾನು. ಅಕಿನ್ನ ಬೈಬ್ಯಾಡ್ರಿ. ನಾಳಿಂದ ನನ್ನ ಕುರಿ ಹಟ್ಟಿ ಗವಿಗೂ ಕಡ್ಲಿ ಹೊಲಕ್ಕೂ ನಡುವ ಹಾಕ್ತೇನಿ. ಬಂದ್ರ ಮೊದ್ಲ ನನ್ನ ನಾಯಿಗಿ ಕಚ್ಚತದ, ಇಲ್ಲಂದ್ರ ನನಗ ಕಚ್ಚತದ. ಸುಗ್ಗಿ ಮುಗಿಯೋತನ ಅಷ್ಟು ಬಿಡ್ರಿ."

ಕಚ್ಚಿಸಿಕೊಂಡವಳು ಸೆರಗು ಕೆನ್ನೆಗೆ ಹಿಡಿದು ಕಟ್ಟೆಯ ಕೆಳಗೆ ನಿಂತಿದ್ದಳು.

"ಮುಚ್ಚಿದ ಮ್ಯಾಲ ಅವು ಎಲ್ಲಿ ಅದಾವಂತ ನಮಗ ಹೇಳೋರು ಯಾರು?" ಎಂದು ಮೈದುನನನ್ನೇ ಕೇಳಿದಳು. "ನಾ ಇನ್ನೂ ಹೊಲಕ್ಕ ಹೋಗಬೇಕು. ನನಗ ಅವು ಎಲ್ಲಿ ಅದಾವ ಗೊತ್ತಿರಬೇಕು." ಆಮೇಲೆ ನನ್ನ ಕಡೆ ತಿರುಗಿ, "ದಿನಾ ಹೇಳಬೇಕ್ರಿ, ಅಕ್ಕೋರ. ಛಲೋ ಇದ್ರೂ ಹೇಳಬೇಕು, ಕೆಟ್ಟ ಇದ್ರೂ ಹೇಳಬೇಕು" ಎಂದಳು.

ಕಡಲೆ ಸುಗ್ಗಿ ಮುಗಿಯುವವರೆಗೆ ಊರು ಗಡುವು ಕೊಟ್ಟಿತು.

ಮುಂದಿನ ವಾರಗಳಲ್ಲಿ ನಾನು ಬೇರೆ ಏನು ಕೆಲಸ ಮಾಡಿದೆನೋ ನೆನಪಿಲ್ಲ. ಊರಿನ ಮತ್ತು ಹಟ್ಟಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿದೆ. ಹೆಂಗಸರು ಗುಂಪಾಗಿ ಕೂತು ಕೀಳುವುದು, ಸರದಿಯ ಮೇಲೆ ಒಬ್ಬಳು ನಿಂತು ಸುತ್ತ ನೋಡುವುದು ಎಂದಾಯಿತು. ದಿನಾ ಮುಂಜಾನೆ ಕುರಿಗಾರ ಕ್ಯಾಮೆರಾ ಇದ್ದ ದಾರಿಯಲ್ಲಿ ತೋಳಗಳ ಓಡಾಟ ನೋಡಿ ಗಾರ್ಡಿಗೆ ಫೋನು ಮಾಡುತ್ತಿದ್ದ, ಗಾರ್ಡ್ ನನಗೆ, ನಾನು ಆಕೆಗೆ. ಆ ಫೋನು ಹತ್ತು ನಿಮಿಷ ತಡವಾದರೆ ನಾನೇ ಗಾರ್ಡಿಗೆ ಫೋನು ಮಾಡುತ್ತಿದ್ದೆ. ಒಂದು ದಿನ ಎಳೆಯ ತೋಳ ಕುಂಟುತ್ತಿದೆ ಎಂದು ಸುದ್ದಿ ಬಂತು. ಹೆಂಗಸರನ್ನು ಹೊಲದಿಂದ ಮೇಲೆ ಕರೆಸಿ, ಬದುವಿನ ಮೇಲೆ ಮಲಗಿ ದುರ್ಬೀನು ಹಿಡಿದು ಎರಡು ತಾಸು ನೋಡಿದೆವು. ಅದು ಕೂತು ಮುಂಗಾಲು ನೆಕ್ಕಿಕೊಂಡಿತು, ಹಳ್ಳದ ನೀರು ಕುಡಿಯಿತು. ನೀರು ನುಂಗುತ್ತಿದೆ ಎಂದರೆ ಗಂಟಲು ಸರಿಯಿದೆ. ಬರೀ ಮುಳ್ಳು ಇರಬೇಕು. ಗಾರ್ಡ್ ದುರ್ಬೀನು ನನ್ನ ಕೈಗೆ ಕೊಟ್ಟು, ಮತ್ತೆ ಹೊಲಕ್ಕೆ ಇಳಿಯಬಹುದೆಂದು ಹೆಂಗಸರಿಗೆ ಹೇಳಲು ಹೋದ.

ಮೂರನೆಯ ವಾರ ಹೋರಿಗರ ಮೇವು ಬಿಟ್ಟಿತು. ಲಸಿಕೆ ಒಂದೂ ತಪ್ಪಿಸಿರಲಿಲ್ಲ. ಆದರೂ ಮೂತಿಯ ಗಾಯ ಮಿದುಳಿಗೆ ಬಹಳ ಹತ್ತಿರ. ದನಿ ಒಡೆದು ಕೂಗತೊಡಗಿತು, ಜೊಲ್ಲು ಎಳೆಯಾಗಿ ಇಳಿಯಿತು. ಯಾರೂ ಹತ್ತಿರ ಹೋಗಬೇಡಿ ಎಂದು ಸುತ್ತ ಮುಳ್ಳು ಹಚ್ಚಿಸಿದೆ. ಎರಡು ದಿನ ಆ ಕೂಗು ಇಡೀ ಓಣಿಗೆ ಕೇಳಿತು. ಸತ್ತ ಮೇಲೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿದೆವು.

ಕಚ್ಚಿಸಿಕೊಂಡವಳು ತನ್ನ ಮನೆಯ ಬಾಗಿಲಲ್ಲಿ ನಿಂತು ನೋಡಿದ್ದಳು.

"ಅದಕ್ಕೂ ಸೂಜಿ ಮಾಡಿದ್ರಿ. ನನಗೂ ಸೂಜಿ ಮಾಡ್ಯಾರ" ಎಂದಳು.

"ನಿನಗ ಗಾಯದ ಸುತ್ತ ಸೀರಮ್ ಹಾಕ್ಯಾರ, ತಂಗಿ. ಅದಕ್ಕ ಅದಿರಲಿಲ್ಲ."

"ಖರೆ ಹೇಳ್ರಿ."

"ಖರೆ."

ಅವಳು ತಂಬಿಗೆ ತಂದು ನನ್ನ ಎದುರಿಗೇ ಗಟಗಟ ನೀರು ಕುಡಿದಳು. ಆಮೇಲೆ ದಿನಾ ಮುಂಜಾನೆ ಎದ್ದ ಕೂಡಲೇ ಹೀಗೆ ಕುಡಿದು ನೋಡುತ್ತಾಳೆಂದು ಅವಳ ಗೆಳತಿಯರು ಹೇಳಿದರು. ಕೊನೆಯ ಸೂಜಿಯ ದಿನ ನಾನೇ ಜೊತೆಗೆ ಹೋದೆ. ಮೈದುನನೂ ಬಂದಿದ್ದ.

ಕಡಲೆ ಮುಗಿದು, ಬಿಳಿಜೋಳವೂ ಕಣ ಸೇರುವ ಹೊತ್ತಿಗೆ ಗವಿ ಖಾಲಿಯಾಗಿತ್ತು. ಯಾರೂ ಮುಚ್ಚಲಿಲ್ಲ, ಮರಿಗಳು ದೊಡ್ಡವಾಗಿ ತಾವಾಗಿಯೇ ಹೋದವು. ಕೊನೆಯ ಚಿತ್ರದಲ್ಲಿ ತಾಯಿ ಮುಂದೆ, ಮೂರು ಮರಿ ಸಾಲಾಗಿ ನಡುವೆ, ಎಳೆಯ ತೋಳ ಹಿಂದೆ. ಗಾರ್ಡ್ ಕಣ್ಣು ಒರೆಸಿಕೊಂಡ. ಇವು ಬದುಕಿ ಉಳಿದವು ಎಂದು ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಈ ರೋಗ ತಿಂಗಳುಗಟ್ಟಲೆ ಮೈಯೊಳಗೆ ಅಡಗಿ ಕೂರಬಲ್ಲದು. ಕುರಿಗಾರ ತನ್ನ ಹಟ್ಟಿ ಎತ್ತಿಕೊಂಡು ಮುಂದಿನ ಹೊಲಕ್ಕೆ ಹೋದ. ಕ್ಯಾಮೆರಾ ನೋಡದೆ ಊರಿಗೆ ಕೊಟ್ಟ ಮಾತಿನ ವಿಷಯವನ್ನೂ ನನ್ನ ವರದಿಯಲ್ಲಿ ಬರೆದೆ. ಬರೆಯಬೇಡಿ ಎಂದು ಯಾರೂ ಹೇಳಲಿಲ್ಲ, ಯಾಕೆ ಬರೆದಿರಿ ಎಂದೂ ಕೇಳಲಿಲ್ಲ.

ಮುಂಗಾರು ಬಿದ್ದು ಹೆಸರುಕಾಳು ಬಿತ್ತಿ, ಕಳೆ ತೆಗೆಯುವ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳ ಫೋನು ಬಂತು. ಫೋನಿನ ಮೇಲೆ ಅವಳ ಹೆಸರು ಕಂಡ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಎತ್ತಿದೆ.

"ಅಕ್ಕೋರ, ಆರಾಮ ಇದ್ದೀರಿಲ್ರಿ? ಇವತ್ತ ಮುಂಜಾನಿ ಒಂದು ತ್ವಾಳ ನೋಡಿದ್ವಿ. ಒಡ್ಡಿನ ಮ್ಯಾಲ ನಿಂತಿತ್ತು. ನಾವೆಲ್ಲಾ ಎದ್ದು ನಿಂತ್ವಿ. ನಮ್ಮನ್ನ ನೋಡಿ ಹಳ್ಳಕ್ಕ ಇಳದು ಹೋತು."

"ಮತ್ತ ನೀವು ಮನೀಗಿ ಬಂದ್ರೇನು?"

"ಇಲ್ರಿ. ಅರ್ಧಾ ಹೊಲ ಉಳದಿತ್ತು."

"ಅಂಜಿಕಿ ಹೋತೇನು, ತಂಗಿ?"

"ಎಲ್ಲಿ ಹೋಗ್ತದ್ರಿ?" ಎಂದಳು. "ಅಂಜ್ಕೋತ ಅಂಜ್ಕೋತ ಕಳೆ ತಗದ್ವಿ."